ಪ್ರಾರ್ಥಿಸಲು ಮಾತೇ ಬಾರದ ದಿನಗಳಲ್ಲಿ ನಂಬಿಕೆಯಿಂದ ಬಲ ಹೇಗೆ ಸಿಗುತ್ತದೆ?

ಕಾಯುತ್ತಿರುವವಳು

ಎಲ್ಲರಿಗೂ ವಂದನೆಗಳು. ನನ್ನ ಯಜಮಾನರಿಗೆ ಪಾರ್ಶ್ವವಾಯು ಆಗಿ ವರ್ಷದ ಮೇಲಾಯಿತು. ಎಡಗಡೆ ಸ್ವಾಧೀನ ಇನ್ನೂ ಪೂರ್ತಿ ಬಂದಿಲ್ಲ. ಮಾತು ತೊದಲುತ್ತದೆ. ಅವರ ಕೆಲಸ ಹೋಯಿತು. ಮನೆ, ಔಷಧಿ, ಇಬ್ಬರು ಮಕ್ಕಳ ಓದು ಎಲ್ಲವೂ ನನ್ನ ಸಂಬಳದಲ್ಲೇ ನಡೆಯಬೇಕು. ಅದನ್ನು ಹೇಗೋ ನಡೆಸುತ್ತಿದ್ದೇನೆ. ನಾನು ಕೇಳಬೇಕು ಅಂದುಕೊಂಡಿರುವುದು ಬೇರೆ.

ಚಿಕ್ಕಂದಿನಿಂದ ಪ್ರಾರ್ಥನೆಯಲ್ಲೇ ಬೆಳೆದವಳು ನಾನು. ಈಗ ಮೊಣಕಾಲೂರಿದರೆ ಮಾತೇ ಬರುವುದಿಲ್ಲ. ಬಂದರೂ ದಿನಾ ಅದೇ ಎರಡು ವಾಕ್ಯ. ಆರಾಧನೆಯಲ್ಲಿ ಎಲ್ಲರೂ ಹಾಡುವಾಗ ನಾನು ಸುಮ್ನೆ ನಿಂತಿರುತ್ತೇನೆ. ಈಚೆಗೆ ಪ್ರಾರ್ಥನೆಗೆಂದು ಮನೆಗೆ ಬಂದ ಒಬ್ಬರು, "ನಂಬಿಕೆ ಪೂರ್ಣವಾಗಿದ್ದರೆ ಇಷ್ಟು ಹೊತ್ತಿಗೆ ಎದ್ದು ಓಡಾಡುತ್ತಿದ್ದರು" ಅಂದರು. ಯಜಮಾನರಿಗೆ ಕೇಳಿಸುವ ಹಾಗೇ ಅಂದರು. ಆವತ್ತಿನಿಂದ ಅವರು "ಇನ್ನು ಯಾರನ್ನೂ ಪ್ರಾರ್ಥನೆಗೆ ಕರೆಯಬೇಡ" ಅನ್ನುತ್ತಿದ್ದಾರೆ.

ಕಷ್ಟದಲ್ಲಿ ಕರ್ತನಿಂದ ಬಲ ಸಿಗುತ್ತದೆ ಅಂತ ಕೇಳುತ್ತಲೇ ಬಂದಿದ್ದೇನೆ. ಆ ಬಲ ನಿಮಗೆ ನಿಜವಾಗಿ ಹೇಗೆ ಸಿಕ್ಕಿತು? ಕಷ್ಟ ಪರಿಹಾರ ಆದ ಮೇಲಿನ ಸಾಕ್ಷಿಗಳನ್ನು ತುಂಬಾ ಕೇಳಿದ್ದೇನೆ, ಅವು ಸುಳ್ಳು ಅನ್ನುವುದಿಲ್ಲ. ಆದರೆ ಇನ್ನೂ ಕಷ್ಟದ ಒಳಗೇ ಇರುವವರು ಯಾರಾದರೂ ಮಾತಾಡಿದರೆ ಒಳ್ಳೆಯದು.

ಸಾಸಿವೆಕಾಳು

ಅಕ್ಕಾ, ಬೈಬಲಿನ ಮಾರ್ಕ 9ನೇ ಅಧ್ಯಾಯದ ಆ ತಂದೆಯನ್ನು ನೆನಪಿಸಿಕೊಳ್ಳಿ. ಮಗನಿಗೆ ಚಿಕ್ಕಂದಿನಿಂದ ಕಾಯಿಲೆ. ಅವನು ಯೇಸುವಿನ ಮುಂದೆ "ನಂಬುತ್ತೇನೆ" ಅಂದು, ಅದೇ ಉಸಿರಿನಲ್ಲಿ "ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತಲೂ ಕೂಗಿದ. ಮೊದಲು ಪೂರ್ತಿ ನಂಬಿಕೆ ತಗೊಂಡು ಬಾ ಅಂತ ಯೇಸು ಅವನನ್ನು ವಾಪಸು ಕಳಿಸಲಿಲ್ಲ. ಅಲ್ಲೇ ಮಗನನ್ನು ವಾಸಿ ಮಾಡಿದರು. ನಿಮ್ಮ ಎರಡು ವಾಕ್ಯ ಸಾಕು.

ಹಳೇ_ಓದುಗ

ಸಹೋದರಿ, ಮೊದಲು ಆ ಮಾತಿನ ಬಗ್ಗೆ ಹೇಳುತ್ತೇನೆ. ಯಾಕೆಂದರೆ ಅದು ನಿಮ್ಮ ಯಜಮಾನರ ಎದೆಯಲ್ಲಿ ಕೂತುಬಿಟ್ಟಿದೆ. ಅದನ್ನು ತೆಗೆಯದೆ ಬೇರೆ ಏನು ಹೇಳಿದರೂ ಒಳಗೆ ಇಳಿಯುವುದಿಲ್ಲ.

ಸತ್ಯವೇದ ಆ ಮಾತನ್ನು ಒಪ್ಪುವುದಿಲ್ಲ. ಅಪೊಸ್ತಲ ಪೌಲನಿಗಿಂತ ದೊಡ್ಡ ನಂಬಿಕೆ ನಮ್ಮಲ್ಲಿ ಯಾರಿಗಿದೆ? ಅವನ ಮೈಗೆ ತಗುಲಿದ ಕೈವಸ್ತ್ರ ತಂದು ಹಾಕಿದರೂ ರೋಗಿಗಳು ವಾಸಿಯಾದರು ಅಂತ ಅಪೊಸ್ತಲರ ಕೃತ್ಯಗಳು 19ರಲ್ಲಿ ಇದೆ. ಅದೇ ಪೌಲ 2 ತಿಮೊಥೆಯ 4:20ರಲ್ಲಿ, ತ್ರೊಫಿಮನಿಗೆ ಹುಷಾರಿಲ್ಲ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೆಯುತ್ತಾನೆ. ಅಷ್ಟೇ. ತ್ರೊಫಿಮನ ನಂಬಿಕೆಯ ಬಗ್ಗೆ ಒಂದು ದೂರೂ ಇಲ್ಲ. ತಿಮೊಥೆಗೆ ಪದೇ ಪದೇ ಆರೋಗ್ಯ ಕೆಡುತ್ತಿತ್ತು. ಅವನಿಗೆ ಪೌಲ ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಸಲಹೆ ಕೊಟ್ಟ. ಇನ್ನು ಪೌಲನ ಸ್ವಂತ ಶರೀರದ ಮುಳ್ಳು. ಅದು ಹೋಗಲಿ ಅಂತ ಮೂರು ಸಾರಿ ಬೇಡಿಕೊಂಡ. ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಇವರಲ್ಲಿ ಯಾರ ನಂಬಿಕೆ ಅಪೂರ್ಣ ಅಂತ ಹೇಳೋಣ?

ಎಲ್ಲವನ್ನೂ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರದೂ ಇದೇ ವಾದ. ನಿನ್ನಲ್ಲಿ ಏನೋ ತಪ್ಪಿದೆ, ಅದಕ್ಕೇ ಹೀಗಾಯಿತು ಅನ್ನುವುದು. ಅವರು ಬಂದ ಮೊದಲ ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅವರು ಮಾಡಿದ ಒಳ್ಳೇ ಕೆಲಸ ಅದೇ. ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಆ ಗೆಳೆಯರಲ್ಲೊಬ್ಬನಾದ ಎಲೀಫಜನ ಮೇಲೆ ಕೋಪಗೊಂಡು, ನೀವು ನನ್ನ ವಿಷಯದಲ್ಲಿ ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಅಂದರು. ಅಷ್ಟೊಂದು ಅಧ್ಯಾಯ ದೇವರ ಜೊತೆ ವಾದ ಮಾಡಿದ ಯೋಬ ಸರಿ. ದೇವರ ಪರವಾಗಿ ಚೆನ್ನಾಗಿ ಮಾತಾಡಿದವರು ತಪ್ಪು. ಈ ಭಾಗವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಅದೇ ಎರಡು ವಾಕ್ಯ ಅಂದಿರಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂರನೇ ಸಲ ಹೋಗಿ ಅದೇ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದರು ಅಂತ ಮತ್ತಾಯ 26:44 ಹೇಳುತ್ತದೆ. ದೇವರ ಮಗನಿಗೇ ಆ ರಾತ್ರಿ ಹೊಸ ಮಾತು ಬೇಕಾಗಲಿಲ್ಲ.

ಎರಡನೇ_ಪಾಳಿ

ನಾನು ನರ್ಸ್. ವಾರ್ಡಿನಲ್ಲಿ ನಿಮ್ಮಂಥವರನ್ನು ದಿನಾ ನೋಡುತ್ತೇನೆ, ಹಾಗಾಗಿ ಎರಡು ವಿಷಯ ಹೇಳಲೇಬೇಕು.

ಒಂದು, ಪಾರ್ಶ್ವವಾಯು ಆದ ಮೇಲೆ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಜನರನ್ನು ಬೇಡ ಅನ್ನುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಕೆಡುವುದು ಅದರ ಲಕ್ಷಣ ಇರಬಹುದು. ಆ ಮಾತಿನಿಂದ ನೋವಾಗಿರುವುದು ನಿಜ. ಆದರೂ ಅದೊಂದೇ ಕಾರಣ ಅಂತ ಬಿಟ್ಟುಬಿಡಬೇಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಇದನ್ನು ಬಾಯಿಬಿಟ್ಟು ಹೇಳಿ. ಚಿಕಿತ್ಸೆ ಇದೆ. ಚಿಕಿತ್ಸೆ ಆದರೆ ಕೈಕಾಲಿನ ವ್ಯಾಯಾಮದಲ್ಲೂ ಮನಸ್ಸು ನಿಲ್ಲುತ್ತದೆ. ಮಾತ್ರೆ ತಗೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ, ಪೌಲನ ಜೊತೆಗಿದ್ದ ಲೂಕ ವೈದ್ಯನಾಗಿದ್ದ ಅಂತ ಹೇಳಿ.

ಇನ್ನೊಂದು, ನೀವು. ಎಲೀಯನ ಕಥೆ ನೋಡಿ, 1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ಮುಂದಿನ ಅಧ್ಯಾಯದಲ್ಲೇ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಅವನಿಗೆ ಬೈಯಲಿಲ್ಲ, ವಾಕ್ಯವನ್ನೂ ಹೇಳಲಿಲ್ಲ. ನಿದ್ದೆ ಮಾಡಲು ಬಿಟ್ಟರು. ದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ, ಎದ್ದು ತಿನ್ನು, ನೀನು ಹೋಗಬೇಕಾದ ದಾರಿ ಬಹಳ ದೂರ ಅಂದ. ಆಮೇಲೆ ಹೋರೇಬ್ ಬೆಟ್ಟ, ಆಮೇಲೆ ಮೆಲ್ಲನೆಯ ದನಿ. ಊಟ, ನಿದ್ದೆ ಮೊದಲು. ರೋಗಿಯನ್ನು ನೋಡಿಕೊಳ್ಳುವವರು ಇದನ್ನು ಮರೆತೇಬಿಡುತ್ತಾರೆ. ಪ್ರಾರ್ಥನೆ ಬರುತ್ತಿಲ್ಲ ಅಂತ ನೀವು ಹೇಳುವುದರಲ್ಲಿ ಅರ್ಧ ಆಯಾಸವೇ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಹೊಸಬೆಳಕು

ಕರ್ತನಿಗೆ ಸ್ತೋತ್ರ. ಸಿಸ್ಟರ್, ನಿಮಗೆ ಆ ರೀತಿ ಹೇಳಿದ್ದು ಕಠಿಣವಾಯಿತು, ಒಪ್ಪುತ್ತೇನೆ. ಆದರೆ ಇಲ್ಲಿನ ಉತ್ತರಗಳು ಇನ್ನೊಂದು ಕಡೆಗೆ ಜಾರುತ್ತಿವೆ ಅಂತ ನನ್ನ ಚಿಂತೆ. ನಂಬಿಕೆಯಿಂದ ಮಾಡಿದ ಪ್ರಾರ್ಥನೆ ರೋಗಿಯನ್ನು ರಕ್ಷಿಸುವುದು ಅಂತ ಯಾಕೋಬ 5:15 ಸ್ಪಷ್ಟವಾಗಿ ಹೇಳುತ್ತದೆ. ನಾವು ದೇವರ ಶಕ್ತಿಯನ್ನು ಕಡಿಮೆ ಮಾಡಬಾರದು, ಅಲ್ವಾ? ವಾಸಿಯಾಗಲಿ ಅಂತ ಬೇಡುವುದನ್ನೇ ಬಿಟ್ಟರೆ ಅದು ಸೋಲು ಒಪ್ಪಿಕೊಂಡಂತೆ.

ಹಳೇ_ಓದುಗ

ಬ್ರದರ್, ಬೇಡುವುದನ್ನು ಬಿಡಿ ಅಂತ ನಾನೂ ಹೇಳುವುದಿಲ್ಲ. ಬೇಡಬೇಕು, ಬಿಡದೆ ಬೇಡಬೇಕು. ಆದರೆ ನೀವು ಹೇಳಿದ ಜಾಗದಲ್ಲಿ ಒಂದು ವಚನ ಹಿಂದಕ್ಕೆ ಹೋಗಿ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಬಂದು ಎಣ್ಣೆ ಹಚ್ಚಿ ಅವನಿಗಾಗಿ ಪ್ರಾರ್ಥಿಸಲಿ ಅಂತಿದೆ. ಪ್ರಾರ್ಥನೆಯ ಭಾರ ಬಂದ ಹಿರಿಯರ ಮೇಲಿದೆ. ಹಾಸಿಗೆಯಲ್ಲಿರುವವನ ನಂಬಿಕೆಯನ್ನು ಅಳೆಯಿರಿ ಅಂತ ಯಾಕೋಬ ಎಲ್ಲೂ ಹೇಳಿಲ್ಲ. ದಾನಿಯೇಲನ ಮೂವರು ಗೆಳೆಯರೂ ನೆನಪಿಗೆ ಬರುತ್ತಾರೆ. ಬೆಂಕಿಯ ಕುಲುಮೆಯ ಮುಂದೆ ನಿಂತು ರಾಜನಿಗೆ, ನಮ್ಮ ದೇವರು ಬಿಡಿಸಬಲ್ಲ ಅಂದರು. ಬಿಡಿಸದೆ ಹೋದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಅಂತಲೂ ಅಂದರು. ಎರಡೂ ಮಾತು ಒಟ್ಟಿಗೇ ಹೇಳಿದರು. ಅದರಲ್ಲಿ ಸೋಲು ಎಲ್ಲಿದೆ?

ಹೊಸಬೆಳಕು

"ಬಿಡಿಸದೆ ಹೋದರೂ" ಅನ್ನುವುದನ್ನು ನಮ್ಮಲ್ಲಿ ಜಾಸ್ತಿ ಹೇಳುವುದಿಲ್ಲ, ನಿಜ. ಯೋಚಿಸುತ್ತೇನೆ. ಸಿಸ್ಟರ್, ನಿಮ್ಮ ಕುಟುಂಬಕ್ಕಾಗಿ ನಾನು ಪ್ರಾರ್ಥಿಸುತ್ತಿದ್ದೇನೆ.

ಜಪಸರ_ಹಿಡಿದವನು

ನಾನು ಕಥೋಲಿಕ. ನಿಮ್ಮ ಸಭೆಯ ಪದ್ಧತಿ ಬೇರೆ ಇರಬಹುದು, ಆದರೂ ನಮಗೆ ಉಪಯೋಗವಾದದ್ದನ್ನು ಹೇಳುತ್ತೇನೆ.

ಮಾತು ಬಾರದಾಗ ಬೇರೆಯವರ ಮಾತನ್ನು ತೆಗೆದುಕೊಳ್ಳಬಹುದು. ಬರೆದಿಟ್ಟ ಪ್ರಾರ್ಥನೆಗಳು ಇರುವುದು ಅದಕ್ಕೇ. ಜಪಸರ ಹೇಳುವಾಗ ಎಷ್ಟೋ ಸಲ ನನ್ನ ಮನಸ್ಸು ಅಲ್ಲಿರುವುದಿಲ್ಲ, ಬೆರಳು ಮಾತ್ರ ಮಣಿ ಸರಿಸುತ್ತಿರುತ್ತದೆ. ಆದರೂ ದೇವರ ಎದುರಿಗೆ ಕೂತಿರುತ್ತೇನೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ನಿಧಾನವಾಗಿ ಒಂದು ಸಲ ಹೇಳಿದರೂ ಅದು ಪೂರ್ತಿ ಪ್ರಾರ್ಥನೆ. ಯೇಸು ಸ್ವಾಮಿಯೇ ಶಿಷ್ಯರಿಗೆ ಕಲಿಸಿಕೊಟ್ಟದ್ದಲ್ಲವೇ?

ಆರಾಧನೆಯಲ್ಲಿ ಏನೂ ಅನ್ನಿಸುವುದಿಲ್ಲ ಅಂದಿರಿ. ಮದರ್ ತೆರೆಸಾ ಅವರಿಗೂ ಹಾಗೇ ಆಗಿತ್ತು. ಅವರು ತೀರಿಕೊಂಡದ್ದು 1997ರಲ್ಲಿ. ಹತ್ತು ವರ್ಷದ ಮೇಲೆ, 2007ರಲ್ಲಿ ಅವರ ಖಾಸಗಿ ಪತ್ರಗಳು ಪ್ರಕಟವಾದವು. ದಶಕಗಳ ಕಾಲ ದೇವರ ಸಾನ್ನಿಧ್ಯವೇ ಅನುಭವಕ್ಕೆ ಬರದೆ ಒದ್ದಾಡಿದ್ದನ್ನು ಅವರು ತಮ್ಮ ಗುರುಗಳಿಗೆ ಬರೆದುಕೊಂಡಿದ್ದರು. ಆ ಒಣಗಿದ ಕಾಲದಲ್ಲೇ ಅವರು ಸಾಯುವವರ ಪಕ್ಕದಲ್ಲಿ ಕೂತರು. ಆ ಪತ್ರಗಳನ್ನು ಓದಿ ಕೆಲವರಿಗೆ ನಿರಾಸೆಯಾಯಿತು. ನನಗೆ ಮಾತ್ರ ತುಂಬಾ ಧೈರ್ಯ ಬಂತು. ಏನೂ ಅನ್ನಿಸದಿದ್ದರೂ ನಿಷ್ಠೆಯಿಂದ ಇರಬಹುದು ಅಂತ ಗೊತ್ತಾಯಿತು.

ನಮ್ಮಲ್ಲಿ ರೋಗಿಗಳಿಗೆ ಫಾದರ್ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಅದು ಸಾಯುವ ಹೊತ್ತಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗಂಭೀರ ಕಾಯಿಲೆ ಇರುವ ಯಾರೂ ಪಡೆಯಬಹುದು, ಕಾಯಿಲೆ ಜಾಸ್ತಿಯಾದರೆ ಮತ್ತೊಮ್ಮೆ ಪಡೆಯಬಹುದು. ಅಲ್ಲಿ ಯಾರೂ ನಿಮ್ಮ ನಂಬಿಕೆ ಎಷ್ಟು ಅಂತ ಕೇಳುವುದಿಲ್ಲ.

ಕಾಯುತ್ತಿರುವವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತ್ರೊಫಿಮನ ವಿಷಯ ನಾನು ಇಷ್ಟು ವರ್ಷದಲ್ಲಿ ಗಮನಿಸಿರಲೇ ಇಲ್ಲ. ಯಜಮಾನರಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.

ಒಂದು ವಿಷಯ ಹೇಳಲು ಸಂಕೋಚ ಆಗುತ್ತದೆ. ನನಗೆ ದೇವರ ಮೇಲೆ ಸಿಟ್ಟು ಇದೆ. ಸಿಟ್ಟು ಅಂದರೆ ನಿಜವಾದ ಸಿಟ್ಟು. ರಾತ್ರಿ ಅವರನ್ನು ಮಗ್ಗುಲು ತಿರುಗಿಸಿ ಮಲಗಿಸಿದ ಮೇಲೆ, ಇದನ್ನೆಲ್ಲ ನೋಡುತ್ತಾ ಹೇಗೆ ಸುಮ್ಮನಿದ್ದೀಯ ಅಂತ ಕೇಳಬೇಕು ಅನ್ನಿಸುತ್ತದೆ. ಮಗಳೂ ಅದನ್ನೇ ಕೇಳುತ್ತಾಳೆ. ದೊಡ್ಡವಳಾದಳು, ಸುಳ್ಳು ಸಮಾಧಾನ ಹೇಳಿದರೆ ಗೊತ್ತಾಗುತ್ತದೆ. ಹೀಗೆ ಸಿಟ್ಟು ಮಾಡಿಕೊಳ್ಳುವುದು ಪಾಪವಾ? ಅವಳಿಗೆ ಏನು ಹೇಳಲಿ?

ಹಳೇ_ಓದುಗ

ಆ ಸಿಟ್ಟನ್ನು ದೇವರಿಗೇ ಹೇಳಿ. ಬೇರೆ ಎಲ್ಲಿಗೂ ತಗೊಂಡು ಹೋಗಬೇಡಿ.

150 ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಗೋಳಿನ ಪ್ರಾರ್ಥನೆಗಳು. 13ನೇ ಕೀರ್ತನೆಯ ಮೊದಲ ಎರಡೇ ವಚನಗಳಲ್ಲಿ "ಇನ್ನೆಷ್ಟು ಕಾಲ" ಅಂತ ನಾಲ್ಕು ಸಲ ಕೇಳಿದೆ. ಅದಾದರೂ ಕೊನೆಗೆ ಹಾಡಾಗುತ್ತದೆ. 88ನೇ ಕೀರ್ತನೆ ಅದೂ ಆಗುವುದಿಲ್ಲ. ಗೆಳೆಯರು ದೂರವಾದರು, ಕತ್ತಲೆಯೇ ಉಳಿಯಿತು ಅನ್ನುವಲ್ಲಿಗೆ ಮುಗಿದುಬಿಡುತ್ತದೆ. ಕೊನೆಗೆ ಒಂದು ಸ್ತೋತ್ರದ ಸಾಲು ಸೇರಿಸಿ ಅಂತ ಯಾರೂ ಅದನ್ನು ತಿದ್ದಲಿಲ್ಲ. ದೇವಜನರು ಅದನ್ನು ಹಾಗೇ ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟುಕೊಂಡರು. ನನಗೆ ಇಡೀ ಕೀರ್ತನೆಗಳಲ್ಲಿ ಅತಿ ದೊಡ್ಡ ಸಾಂತ್ವನ ಅದೇ. ಹೀಗೂ ಪ್ರಾರ್ಥಿಸಬಹುದು ಅಂತ ದೇವರೇ ಅನುಮತಿ ಕೊಟ್ಟ ಹಾಗೆ.

ಯೆರೆಮೀಯ 20ರಲ್ಲಿ ಪ್ರವಾದಿ, ನೀನು ನನ್ನನ್ನು ಮರುಳುಮಾಡಿದೆ ಅಂತ ದೇವರಿಗೇ ಹೇಳುತ್ತಾನೆ. ಗಂಡ, ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡು ವಾಪಸು ಬಂದ ನೊವೊಮಿ, ಸರ್ವಶಕ್ತನು ನನಗೆ ಕಹಿಯನ್ನೇ ಕೊಟ್ಟನು ಅಂತ ಬೀದಿಯ ಹೆಂಗಸರ ಮುಂದೆ ಅಂದಳು. ಅವಳನ್ನು ದೇವರು ಬಿಟ್ಟುಬಿಡಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ನಿಮ್ಮ ಮಗಳ ಪ್ರಶ್ನೆಯನ್ನು ಯೇಸುವೇ ಕೇಳಿದ್ದಾರೆ. ಅವಳಿಗೆ ಇದನ್ನು ಹೇಳಬಹುದು, ಇದು ಸುಳ್ಳು ಸಮಾಧಾನ ಅಲ್ಲ. ಯಾಕೆ ಅನ್ನುವುದಕ್ಕೆ ಉತ್ತರ ಅಮ್ಮನ ಹತ್ತಿರವೂ ಇಲ್ಲ ಅಂತಲೂ ಹೇಳಿ. ದೇವರು ಯೋಬನಿಗೂ ಕಾರಣ ಹೇಳಲಿಲ್ಲ, ಎದುರಿಗೆ ಬಂದು ಮಾತಾಡಿದರು.

ಇನ್ನೊಬ್ಬರನ್ನು ಹೇಳಿ ನಿಲ್ಲಿಸುತ್ತೇನೆ. ಡೀಟ್ರಿಶ್ ಬೊನ್‌ಹಾಫರ್ ಅಂತ ಜರ್ಮನಿಯ ಪಾಸ್ಟರ್. ಹಿಟ್ಲರನನ್ನು ವಿರೋಧಿಸಿ 1943ರ ಏಪ್ರಿಲ್‌ನಲ್ಲಿ ಜೈಲು ಸೇರಿದರು. ಆ ವರ್ಷದ ಕ್ರಿಸ್‌ಮಸ್‌ಗೆ ಜೊತೆಯ ಕೈದಿಗಳಿಗಾಗಿ ಕೆಲವು ಪ್ರಾರ್ಥನೆಗಳನ್ನು ಬರೆದರು. ನನ್ನೊಳಗೆ ಕತ್ತಲೆ ಇದೆ, ನಿನ್ನ ಬಳಿ ಬೆಳಕಿದೆ. ನಾನು ಒಂಟಿ, ಆದರೆ ನೀನು ನನ್ನನ್ನು ಬಿಡುವುದಿಲ್ಲ ಅನ್ನುವ ಅರ್ಥದ ಸಾಲುಗಳು ಅದರಲ್ಲಿವೆ. ಅವರಿಗೆ ಬಿಡುಗಡೆ ಆಗಲಿಲ್ಲ. 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಕತ್ತಲೆ ಇಲ್ಲ ಅಂತ ಸುಳ್ಳು ಹೇಳದ ಪ್ರಾರ್ಥನೆ ಅದು. ಆ ಎರಡು ಸಾಲನ್ನಷ್ಟೇ ನೀವೂ ಹೇಳಬಹುದು.

ಒಬ್ಬಳೇ_ಅಲ್ಲ

ಕಷ್ಟದೊಳಗೇ ಇರುವವರು ಮಾತಾಡಿ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗ ತೀರಿಕೊಂಡ. ಇದಕ್ಕೆ "ಆಮೇಲೆ" ಅನ್ನುವುದು ಇಲ್ಲ. ಈ ಲೋಕದಲ್ಲಂತೂ ಅವನು ವಾಪಸು ಬರುವುದಿಲ್ಲ.

ಬಲ ಹೇಗೆ ಬಂತು ಅಂತ ಕೇಳಿದರೆ, ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಬಲ ಅಂದರೆ ಎದೆ ತುಂಬುವ ಧೈರ್ಯ ಅಂದುಕೊಂಡಿದ್ದೆ. ನನಗೆ ಸಿಕ್ಕಿದ್ದು ಬೆಳಗ್ಗೆ ಏಳುವಷ್ಟು ಮಾತ್ರ. ಮಾರನೇ ದಿನ ಮತ್ತೆ ಅಷ್ಟೇ. ಪ್ರಲಾಪಗಳು 3ರಲ್ಲಿ ಆತನ ಕರುಣೆ ಪ್ರತಿದಿನ ಬೆಳಗ್ಗೆ ಹೊಸದು ಅಂತ ಬರುತ್ತದಲ್ಲ, ಅದನ್ನು ಸುಟ್ಟು ಹಾಳಾದ ಪಟ್ಟಣವನ್ನು ನೋಡುತ್ತಾ ಬರೆದದ್ದು ಅಂತ ತಿಳಿದ ಮೇಲೆ ಆ ವಚನ ನನ್ನದಾಯಿತು. ಅಡವಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರ ಮನ್ನವೂ ಹಾಗೇ ಆ ದಿನಕ್ಕೆ ಸಾಕಾಗುವಷ್ಟೇ ಬೀಳುತ್ತಿತ್ತು. ನಾಳೆಗೆ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು.

ಇನ್ನೊಂದು, ನಾನು ನಂಬಲಾಗದ ದಿನಗಳಲ್ಲಿ ನನ್ನ ಪರವಾಗಿ ಬೇರೆಯವರು ನಂಬಿದರು. ಕಪೆರ್ನೌಮಿನಲ್ಲಿ ನಾಲ್ಕು ಜನ ಸೇರಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮನೆಯ ಮಾಳಿಗೆ ತೆಗೆದು ಕೆಳಗೆ ಇಳಿಸಿದರಲ್ಲ, ಮಾರ್ಕ 2. ಯೇಸು "ಅವರ" ನಂಬಿಕೆಯನ್ನು ನೋಡಿ ಮಾತಾಡಿದರು ಅಂತಿದೆ. ಮಲಗಿದ್ದವನು ಏನು ನಂಬಿದ್ದ ಅಂತ ಬರೆದೇ ಇಲ್ಲ. ನಿಮ್ಮ ಯಜಮಾನರಿಗೂ ಈ ಕಥೆ ಓದಿ. ಅವರದೇ ಕಾಯಿಲೆ.

ದುಃಖ ಪಡಬೇಡ, ಅವನು ಪರಲೋಕದಲ್ಲಿದ್ದಾನೆ ಅಂತ ತುಂಬಾ ಜನ ಹೇಳಿದರು. ಪುನರುತ್ಥಾನವನ್ನು ನಾನು ಪೂರ್ತಿ ನಂಬುತ್ತೇನೆ, ಅದಿಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ. ಆದರೆ ಸತ್ತ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಸಮಾಧಿಯ ಹತ್ತಿರ ಅತ್ತರು. ನಿರೀಕ್ಷೆ ಇದ್ದವರೂ ಅಳುತ್ತಾರೆ. ನನ್ನ ಜೊತೆ ಸುಮ್ಮನೆ ಕೂತು ಅತ್ತವರು ಕೆಲವೇ ಜನ. ಅವರ ಹೆಸರು ಹಿಡಿದು ಇವತ್ತಿಗೂ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಸಾಸಿವೆಕಾಳು

ಓದಿ ಕಣ್ಣು ತುಂಬಿತು. ದೇವರು ನಿಮ್ಮ ಜೊತೆಗಿರಲಿ ಅಮ್ಮ.

ಹೊಸಬೆಳಕು

ನಾವು ಸಭೆಯಿಂದ ಗುಂಪಾಗಿ ರೋಗಿಗಳ ಮನೆಗೆ ಹೋಗುತ್ತೇವೆ. ಮಾರ್ಕ 2ರ ಬಗ್ಗೆ ಇಲ್ಲಿ ಬಂದದ್ದು ನನ್ನನ್ನು ಯೋಚನೆಗೆ ಹಚ್ಚಿದೆ. ಆ ನಾಲ್ವರು ಮೊದಲು ಹೊತ್ತರು. ಹಾಗಾಗಿ ಒಂದು ಪ್ರಶ್ನೆ ನಿಮಗೇ ಕೇಳುತ್ತೇನೆ ಸಿಸ್ಟರ್. ಮನೆಗೆ ಬರುವವರು ಏನು ಮಾಡಿದರೆ ನಿಮಗೆ ನಿಜವಾಗಿ ಹಗುರ ಆಗುತ್ತದೆ?

ಕಾಯುತ್ತಿರುವವಳು

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಬ್ರದರ್.

ಬರುವ ಮುಂಚೆ ಒಂದು ಫೋನ್ ಮಾಡಿದರೆ ಸಾಕು, ಅವರನ್ನು ಸರಿಯಾಗಿ ಕೂರಿಸಿರುತ್ತೇನೆ. ಅವರ ಜೊತೆಯೇ ಮಾತಾಡಲಿ. ಮಾತು ತೊದಲುತ್ತದೆ ಅಂತ ಎಲ್ಲರೂ ನನ್ನನ್ನೇ ಕೇಳುತ್ತಾರೆ, ಅವರು ಅಲ್ಲೇ ಇದ್ದರೂ. ಅವರಿಗೆ ಎಲ್ಲವೂ ಅರ್ಥವಾಗುತ್ತದೆ. ಪ್ರಾರ್ಥನೆ ಚಿಕ್ಕದಿರಲಿ, ಬಹಳ ಹೊತ್ತು ಕೂರಲು ಅವರಿಗೆ ಆಗುವುದಿಲ್ಲ. ವಾರದಲ್ಲಿ ಒಂದು ಸಂಜೆ ಯಾರಾದರೂ ಗಂಡಸರು ಅವರ ಜೊತೆ ಇದ್ದರೆ ನಾನು ಮಗನನ್ನು ಆಟಕ್ಕೆ ಕರೆದುಕೊಂಡು ಹೋಗಬಹುದು. ಅವನು ಚಿಕ್ಕವನು, ಅವನ ಪಾಲಿಗೆ ಅಮ್ಮ ಸಿಗುತ್ತಲೇ ಇಲ್ಲ. ಆಸ್ಪತ್ರೆಗೆ ಹೋಗುವ ದಿನ ಹತ್ತಿಸಲು ಇಳಿಸಲು ಒಬ್ಬರು ಬೇಕು. ಇಷ್ಟೆಲ್ಲ ಬರೆದುಬಿಟ್ಟೆ.

ಹಳೇ_ಓದುಗ

ಇದನ್ನೇ ಹೀಗೇ ನಿಮ್ಮ ಸಭಾಪಾಲಕರಿಗೆ ಕಳಿಸಿ. ಸಂಕೋಚ ಬೇಡ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ ಅಂತ ಗಲಾತ್ಯ 6:2 ಹೇಳುತ್ತದೆ. ಯಾವ ಭಾರ ಅಂತ ಹೇಳದಿದ್ದರೆ ಹೊರುವವರಿಗೆ ಗೊತ್ತಾಗುವುದಿಲ್ಲ. ಆದಿಸಭೆಯಲ್ಲಿ ವಿಧವೆಯರ ದಿನದಿನದ ಊಟದ ಏರ್ಪಾಡಿನಲ್ಲಿ ಕೊರತೆ ಆಯಿತು ಅಂತ ದೂರು ಬಂದಾಗ, ಅಪೊಸ್ತಲರು ಅದಕ್ಕಾಗಿಯೇ ಏಳು ಜನರನ್ನು ನೇಮಿಸಿದರು. ಗೊಣಗಬೇಡಿ ಅಂತ ಬಾಯಿ ಮುಚ್ಚಿಸಲಿಲ್ಲ. ಮನೆಯಲ್ಲಿ ಆ ಮಾತು ಆಡಿದವರ ವಿಷಯವನ್ನೂ ಸಭಾಪಾಲಕರಿಗೆ ತಿಳಿಸಿ. ಅವರು ನಾಳೆ ಇನ್ನೊಂದು ಹಾಸಿಗೆಯ ಪಕ್ಕ ಅದನ್ನೇ ಹೇಳಬಾರದು.

ಜಪಸರ_ಹಿಡಿದವನು

ಮಗಳಿಗೆ ಇನ್ನೊಂದು ಮಾತು. ಅವಳಿಗೂ ಒಂದು ಚಿಕ್ಕ ಪ್ರಾರ್ಥನೆ ಬರೆಯಲು ಹೇಳಿ, ಸಿಟ್ಟಿನದೇ ಆಗಲಿ. ತಿದ್ದಬೇಡಿ.

ಕಾಯುತ್ತಿರುವವಳು

ಸಭಾಪಾಲಕರಿಗೆ ಕಳಿಸಿದೆ. ಸಂಜೆಯೇ ಫೋನ್ ಮಾಡಿದರು, ಯಜಮಾನರ ಹತ್ತಿರವೇ ಕೊಡಿ ಅಂದರು. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ. ಮುಂದಿನ ವಾರ ಅವರೊಬ್ಬರು ಮಾತ್ರ ಬರಲಿ ಅಂತ ಇವರು ಒಪ್ಪಿದ್ದಾರೆ. ಡಾಕ್ಟರ್ ಹತ್ತಿರವೂ ಮನಸ್ಸಿನ ವಿಷಯ ಹೇಳೋಣ ಅಂದೆ. ಹೂಂ ಅಂದರು.

ನನ್ನ ಪ್ರಾರ್ಥನೆ ಇನ್ನೂ ಎರಡೇ ವಾಕ್ಯ. ಆದರೆ ಅದರಲ್ಲಿ ಒಂದು ಈಗ ಸಿಟ್ಟಿನ ವಾಕ್ಯ, ನಿಜವಾದದ್ದು. ಅದನ್ನು ಹೇಳಿದ ಮೇಲೆ ಎದ್ದು ಹೋಗಬೇಕು ಅನ್ನಿಸುವುದಿಲ್ಲ, ಅಲ್ಲೇ ಸ್ವಲ್ಪ ಹೊತ್ತು ಕೂರುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಯಜಮಾನರು ತಾವೇ ಓದಬೇಕು ಅನ್ನುತ್ತಿದ್ದಾರೆ, ಜೋರಾಗಿ. ಬೇಗ ಸುಸ್ತಾಗುತ್ತಾರೆ. ಯಾವ ಕೀರ್ತನೆ ಚಿಕ್ಕದು?

ಎರಡನೇ_ಪಾಳಿ

117ರಲ್ಲಿ ಎರಡೇ ವಚನ, ಆದರೆ ಅದು ಪೂರ್ತಿ ಸ್ತೋತ್ರ. ಈಗ ಅವರಿಗೆ ಹಿಡಿಸದಿರಬಹುದು. 131ರಲ್ಲಿ ಮೂರು ವಚನ, ಸಮಾಧಾನವಾಗಿದೆ. 13ರಲ್ಲಿ ಆರು, ಸಿಟ್ಟೂ ಇದೆ. ಯಾವುದು ಅಂತ ಅವರೇ ಆರಿಸಲಿ. ನೀವು ಒಂದು ಸಾಲು, ಅವರು ಒಂದು ಸಾಲು ಹಾಗೆ ಓದಿ. ಬೆಳಗ್ಗೆ ಸುಸ್ತು ಕಡಿಮೆ ಇರುವಾಗ, ನೆಟ್ಟಗೆ ಕೂರಿಸಿ. ತಪ್ಪಿದರೆ ನೀವು ಆ ಪದ ಹೇಳಿಕೊಡಲು ಆತುರ ಪಡಬೇಡಿ, ಅವರಿಗೆ ಸಮಯ ಕೊಡಿ. ಸ್ಪೀಚ್ ಥೆರಪಿಯವರಿಗೂ ಹೀಗೆ ಓದುತ್ತಿದ್ದೇವೆ ಅಂತ ತಿಳಿಸಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಷ್ಟು ಉದ್ದದ ಸಾಲು ಓದಬಹುದು ಅಂತ ಅವರು ಗುರುತು ಹಾಕಿಕೊಡುತ್ತಾರೆ.